ಅರ್ಧ ಬಾಡಿಗೆಯ ಕಾರು

"ದಿನಕ್ಕೆ ಸಾವಿರವಾ? ಈ ಡಬ್ಬಕ್ಕಾ?" ಎನ್ನುತ್ತ ಪ್ರವಾಸಿ ಬೂಟಿನ ತುದಿಯಿಂದ ಕಾರಿನ ಚಕ್ರಕ್ಕೆ ಒಂದು ಒದ್ದ. ದ್ವೀಪದ ದೋಣಿಕಟ್ಟೆಯಲ್ಲಿ ಟಿಕೆಟ್ ಹರಿಯುವವನಿಗೆ ಆ ಒದೆ ತನ್ನ ಮೊಣಕಾಲಿಗೇ ಬಿದ್ದಂತಾಯಿತು. ಅದು ತೀರಿಹೋದ ಅವನಪ್ಪನ ಕಾರು. ದೋಣಿಗೆ ಬಳಿದು ಮಿಕ್ಕಿದ ಗಿಳಿಹಸಿರು ಬಣ್ಣವನ್ನು ಅಪ್ಪ ಕೈಯಾರೆ ಅದಕ್ಕೂ ಬಳಿದಿದ್ದ. ಇಡೀ ದ್ವೀಪ ಹುಡುಕಿದರೂ ಆ ಬಣ್ಣದ ಕಾರು ಇನ್ನೊಂದಿರಲಿಲ್ಲ.

"ಅಲ್ಲಿ ಬೋರ್ಡು ಹಾಕ್ಕೊಂಡು ಕೂತಿರೋ ಕಂಪನಿಯವರು ಎರಡು ಸಾವಿರ ತಗೋತಾರೆ ಸರ್. ಅದರ ಮೇಲೆ ವಿಮೆ, ಅಡ್ವಾನ್ಸು..."

"ಅದಕ್ಕೇ ಅಲ್ವಾ ನಿಮ್ಮ ಹತ್ರ ಬಂದಿದ್ದು? ಎಂಟುನೂರು. ಪೆಟ್ರೋಲೂ ನಿಮ್ಮದೇ."

ಪ್ರವಾಸಿಯ ಹೆಂಡತಿ ಸೂಟ್‌ಕೇಸಿನ ಮೇಲೆ ಕೂತು ಸಮುದ್ರ ನೋಡುತ್ತಿದ್ದಳು. ಗಂಡನ ಚೌಕಾಶಿ ಮುಗಿಯುವವರೆಗೆ ಹೀಗೆ ಬೇರೆ ಕಡೆ ನೋಡುವುದು ಅವಳಿಗೆ ಮದುವೆಯಾದಂದಿನಿಂದ ರೂಢಿಯಾಗಿರಬೇಕು.

ಟಿಕೆಟಿನವ ಒಪ್ಪಿಕೊಂಡ. ಒಪ್ಪದೆ ಏನು ಮಾಡಿಯಾನು? ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್‌ಗೆ ಸಮುದ್ರ ದಾಟಿ ದೊಡ್ಡ ಊರಿಗೇ ಹೋಗಬೇಕು, ಅವನ ಸಂಬಳವೋ ಹೊಟ್ಟೆಬಟ್ಟೆಗೆ ನೇರವಾಗುವಷ್ಟು. ಕಾರನ್ನು ಬಾಡಿಗೆಗೆ ಬಿಡೋಣವಾ ಎಂದು ಒಮ್ಮೆ ಕೇಳಿದ್ದಕ್ಕೇ ಅಮ್ಮ ಕೆಂಡವಾಗಿದ್ದಳು. "ನಿಮ್ಮಪ್ಪ ಕೂತ ಸೀಟಲ್ಲಿ ಕಂಡಕಂಡವರು ಕೂರಬೇಕಾ? ನನ್ನ ಕಣ್ಣು ಹೋದ್ರೆ ಹೋಗಲಿ," ಎಂದು ಕೈಯಲ್ಲಿ ಕೈ ಇಡಿಸಿಕೊಂಡು ಮಾತು ತೆಗೆದುಕೊಂಡಿದ್ದಳು. ಮೂರು ತಿಂಗಳಿಂದ ಅವನು ಆ ಮಾತನ್ನು ಮುರಿಯುತ್ತಲೇ ಬಂದಿದ್ದ. ಗೊತ್ತಾದರೆ ಅಮ್ಮ ತನ್ನ ಕೈಯಿಂದ ಒಂದು ಲೋಟ ನೀರನ್ನೂ ಮುಟ್ಟುವುದಿಲ್ಲ ಎಂಬ ಭಯ ಅವನನ್ನು ಹಗಲೆಲ್ಲ ತಿನ್ನುತ್ತಿತ್ತು. ಇವತ್ತು ಅವಳು ಕ್ಲಿನಿಕ್ಕಿಗೆ ಹೋಗುವ ದಿನ ಬೇರೆ. "ರಜಾ ಸಿಗಲ್ಲಮ್ಮ, ಬಸ್ಸಲ್ಲಿ ಹೋಗಿ ಬಂದ್ಬಿಡು," ಎಂದು ಹೇಳಿ, ದಿನದಂತೆ ಕಾರು ತೆಗೆದುಕೊಂಡು ಕೆಲಸಕ್ಕೆ ಬಂದಿದ್ದ.

"ಒಂದೇ ಷರತ್ತು ಸರ್," ಎಂದು ಕೀಲಿ ಕೊಡುವಾಗ ದನಿ ತಗ್ಗಿಸಿದ. "ದಾರೀಲಿ ಯಾರನ್ನೂ ಹತ್ತಿಸಬೇಡಿ. ಈ ಕಾರಿನ ಗುರುತು ಎಲ್ಲರಿಗೂ ಇದೆ, ಕೈ ತೋರಿಸ್ತಾರೆ. ಯಾರೇ ಕೈ ತೋರಿಸಿದ್ರೂ ನಿಲ್ಲಿಸದೆ ಹೋಗ್ತಾ ಇರಿ."

"ಊರವರಿಗೆಲ್ಲ ಪುಕ್ಕಟೆ ಸವಾರಿ ಮಾಡಿಸೋಕೆ ನನಗೇನು ತಲೆ ಕೆಟ್ಟಿದೆಯಾ?" ಎಂದು ಪ್ರವಾಸಿ ನಕ್ಕ.

ಸಂಜೆ ಕೊನೆಯ ದೋಣಿಗೆ ಸರಿಯಾಗಿ ಕಾರು ವಾಪಸು ಬಂತು. ಸೀಟಿನ ಮೇಲೆಲ್ಲ ಮರಳು. ಪ್ರವಾಸಿ ಮಾತ್ರ ಲಾಟರಿ ಹೊಡೆದವನ ಹಾಗೆ ಬೀಗುತ್ತಿದ್ದ. "ನಿಮ್ಮ ಷರತ್ತು ಒಂದಕ್ಷರ ಬಿಡದೆ ಪಾಲಿಸಿದೀನಿ ಕಣ್ರೀ. ಕ್ಲಿನಿಕ್ ಎದುರಿಗೆ ಒಂದು ಮುದುಕಿ ಕೋಲು ಎತ್ತಿಕೊಂಡು ರಸ್ತೆಗೇ ಇಳಿದುಬಿಟ್ಟಿತ್ತು. ನಾನು ಜಪ್ಪಯ್ಯ ಅಂದರೂ ನಿಲ್ಲಿಸಲಿಲ್ಲ."

"ನಿಲ್ಲಿಸಿ ಅಂತ ಬಡ್ಕೊಂಡೆ," ಎಂದಳು ಹೆಂಡತಿ. ದೋಣಿಕಟ್ಟೆಯಲ್ಲಿ ಅವಳು ಬಾಯಿಬಿಟ್ಟಿದ್ದು ಅದೇ ಮೊದಲು. "ಪಾಪ, ಆಯಮ್ಮ ನಗ್ತಾ ಬರ್ತಿದ್ರು. ತಮ್ಮವರನ್ನೇ ಕಂಡ ಹಾಗೆ."

ಆ ಮುದುಕಿ ಯಾರೆಂದು ಟಿಕೆಟಿನವನು ಕೇಳಬೇಕಾಗಿರಲಿಲ್ಲ. ಎಸಿ ಇಲ್ಲ ಎಂದು ನೂರು ಮುರಿದುಕೊಂಡು ಪ್ರವಾಸಿ ಏಳುನೂರನ್ನೇ ಅವನ ಅಂಗೈಗೆ ತುರುಕಿದ. ಅವನು ಅದನ್ನು ಎಣಿಸದೆ ಜೇಬಿಗೆ ಹಾಕಿಕೊಂಡ.

ಸೀಟಿನ ಮರಳು ಕೊಡವಿ ಮನೆಯತ್ತ ಹೊರಟ. ನಿಜ ಹೇಳಿದರೆ ಅಪ್ಪನ ಕಾರನ್ನು ಬೀದಿಗೆ ಬಿಟ್ಟ ಮಗ. ಹೇಳದಿದ್ದರೆ ಅಮ್ಮನನ್ನೇ ಬೀದಿಯಲ್ಲಿ ಬಿಟ್ಟು ಹೋದ ಮಗ. ಬೇಕೆಂದೇ ನಿಧಾನವಾಗಿ ಓಡಿಸಿದ, ಆದರೂ ಮನೆ ಬೇಗನೆ ಬಂದುಬಿಟ್ಟಿತು.

ಅಮ್ಮ ಅಡುಗೆಮನೆಯಲ್ಲಿದ್ದಳು. ಮೇಜಿನ ಮೇಲೆ ಒಂದೇ ತಟ್ಟೆ ಇತ್ತು.

"ನಿಂದು?"

"ನನಗೆ ಹಸಿವಿಲ್ಲ." ಅಮ್ಮ ಗೋಡೆ ಸವರುತ್ತ ಬಂದು ಅವನೆದುರು ಕೂತಳು. "ಕಾರಲ್ಲಿ ನಿನ್ನ ಪಕ್ಕದಲ್ಲಿ ಯಾರೋ ಹೆಂಗಸು ಇದ್ದ ಹಾಗಿತ್ತಲ್ಲ."

ಅವನು ತಟ್ಟೆಯನ್ನು ತನ್ನತ್ತ ಎಳೆದುಕೊಂಡ.

"ಇದ್ರೆ ಇರಲಿ ಬಿಡು. ನಲವತ್ತಾಯ್ತು ನಿನಗೆ, ನಾನೇನು ಬೇಡ ಅಂತೀನಾ? ಆದ್ರೆ ಅವಳೆದುರು, ಇವಳು ನಮ್ಮಮ್ಮ ಅಂತ ಹೇಳೋದಕ್ಕೂ ನಾಚಿಕೆಯಾಯ್ತೇನೋ?"

ನಿಜ ಗಂಟಲವರೆಗೆ ಬಂತು. ಜೇಬಿನಲ್ಲಿ ಏಳುನೂರು ಇತ್ತು, ಇನ್ನು ನಾಲ್ಕು ಬಾಡಿಗೆ ಸಿಕ್ಕರೆ ಆಪರೇಷನ್‌ಗೆ ಸಾಕಾಗುತ್ತಿತ್ತು. ಆಮೇಲೆ ಎಲ್ಲ ಹೇಳಿ ಕಾಲು ಹಿಡಿದರಾಯಿತು ಎಂದುಕೊಂಡು ಅದನ್ನು ನುಂಗಿದ.

"ನೀನು ನನ್ನ ಕಣ್ಣಿಗೆ ಬೀಳಲೇ ಇಲ್ಲಮ್ಮ," ಅಂದ. "ನಿನ್ನಾಣೆ. ಕಾಣಿಸಿದ್ರೆ ನಿಲ್ಲಿಸ್ತಿರಲಿಲ್ವಾ?"

ಅಮ್ಮ ಕೈಯಾಡಿಸಿ ಅವನ ತಟ್ಟೆ ಹುಡುಕಿ, ಸಾರಿನ ಸೌಟು ತೆಗೆದುಕೊಂಡಳು. ಒಂದು ಹನಿಯೂ ಆಚೆ ಚೆಲ್ಲದ ಹಾಗೆ ಬಡಿಸಿದಳು.

"ಕಣ್ಣು ಕಾಣದೆ ಇರೋದು ನನಗೆ ಕಣಪ್ಪ," ಎಂದಳು. "ನೀನು ಹಾರ್ನ್ ಹೊಡೆದೆ."