ಹಿಂದಿನ ಶೆಡ್ಡಿನ ಕೋಳಿಗಳು

ಅಬ್ದುಲ್ ಹಕೀಂ ಇನ್ನೊಮ್ಮೆ ಮನೆಯ ಕಡೆ ಕತ್ತು ತಿರುಗಿಸಿ ನೋಡಿದ. ಹೆಂಡತಿ ಮಾಜಿದಾ ಇನ್ನೂ ಹೊರಗೆ ಬಂದಿರಲಿಲ್ಲ. ಕೆಂಪು ದಾರದಿಂದ ಹೊಲಿದ ಚೀಲವನ್ನು ಹಿಂದಿನ ಶೆಡ್ಡಿನ ಡ್ರಮ್ಮಿಗೆ ಸುರಿದ. ನೀಲಿ ದಾರದ್ದನ್ನು ಮುಂದಿನ ಶೆಡ್ಡಿನ ಡ್ರಮ್ಮಿಗೆ. ಸೊಂಟ ಹಿಡಿದುಕೊಂಡಿತು. ಮೋಸ ಮಾಡುವುದಕ್ಕೂ ಮೈಯಲ್ಲಿ ಕಸುವು ಬೇಕು.

ಆಗಬೇಕಾದದ್ದು ಇದರ ತಿರುವುಮುರುವು. ಕೆಂಪು ದಾರದ್ದು ಹಳೆಯ ಫೀಡ್, ಸೋಯಾ ಹಿಂಡಿಯದು. ನೀಲಿಯದು ಹೊಸತು. ಸೋಯಾ ತುಟ್ಟಿಯಾಯಿತೆಂದು, ಮರಿ, ಫೀಡ್ ಎರಡನ್ನೂ ಕೊಟ್ಟು ಸಾಕಿಸುವ ಕಂಪನಿ ಅರ್ಧ ಸೋಯಾ ತೆಗೆದು ನೆಲಗಡಲೆ, ಸೂರ್ಯಕಾಂತಿ ಹಿಂಡಿ ಬೆರೆಸಿತ್ತು. ಮುಂದಿನ ಶೆಡ್ಡಿಗೆ ಹಳೆಯದು, ಹಿಂದಿನದಕ್ಕೆ ಹೊಸತು, ಯಾವ ಕೋಳಿ ಹೆಚ್ಚು ತೂಗುತ್ತದೆ ನೋಡುವ ಎಂದು ಕಂಪನಿಯ ಡಾಕ್ಟರ್ ಜಿತೇಶ್ ಹೇಳಿಹೋಗಿದ್ದರು. ಹೊಸ ಫೀಡ್ ಹಿಡಿಸದಿದ್ದರೆ ಈ ಕಡೆಯ ಸಣ್ಣ ಶೆಡ್ಡುಗಳಿಗೆ ಇನ್ನು ಮರಿ ಇಳಿಸುವುದಿಲ್ಲ ಎಂಬುದನ್ನೂ ಗಂಡಹೆಂಡಿರ ಎದುರಿಗೇ ಹೇಳಿದ್ದರು.

ಹಕೀಮನಿಗೆ ಆ ಫೀಡಿನಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ನೆಲಗಡಲೆ ಹಿಂಡಿ ಎಮ್ಮೆಗೆ ಹಾಕುವುದು. ಅದನ್ನು ತಿಂದು ಬ್ರಾಯ್ಲರ್ ತೂಕ ಬರುತ್ತದೆಂದರೆ ಯಾರು ನಂಬಬೇಕು? ಮರಿ ಬರುವುದು ನಿಂತರೆ ಉಳಿಯುವುದು ರಿಕ್ಷಾ ಒಂದೇ. ಗಲ್ಫಿನಲ್ಲಿ ಯೌವನ ಕಳೆದು ಬಂದವನಿಗೆ ಮತ್ತೆ ವಿಮಾನ ಹತ್ತುವ ಶಕ್ತಿ ಉಳಿದಿರಲಿಲ್ಲ.

ಬೆಳಿಗ್ಗೆ ಡ್ರಮ್ ತುಂಬಿಸಿಟ್ಟು ಅವನು ರಿಕ್ಷಾ ತೆಗೆದುಕೊಂಡು ಮಾಣಿ ಪೇಟೆಗೆ ಬಾಡಿಗೆಗೆ ಹೋಗುತ್ತಿದ್ದ. ಡ್ರಮ್ಮಿನಿಂದ ಬಕೆಟ್ಟಿಗೆ ತೋಡಿ ಕೋಳಿಗಳಿಗೆ ಹಾಕುವುದು ಮಾಜಿದಾಳ ಪಾಲಿನ ಕೆಲಸ. ಎರಡೂ ಫೀಡಿನದು ಒಂದೇ ಬಣ್ಣ, ಒಂದೇ ಗಾತ್ರದ ಕಾಳು. ಅವಳಿಗೆ ಗೊತ್ತಾಗುವ ಸಂಭವವಿರಲಿಲ್ಲ. ಹೇಳಿದರೆ ಅವಳು ಒಪ್ಪುವವಳೂ ಅಲ್ಲ. ಅಂಗಡಿಯವನು ಕೈತಪ್ಪಿ ಒಂದು ಮೊಟ್ಟೆ ಹೆಚ್ಚು ಕೊಟ್ಟರೆ ಬಿಸಿಲಲ್ಲೇ ತಿರುಗಿ ಹೋಗಿ ಕೊಟ್ಟುಬರುವ ಹೆಂಗಸು. ಅವಳೂ ದಣಿದಿದ್ದಳು. ಸಂಜೆ ಚಾ ಕುಡಿಯುವಾಗ ಕೋಳಿಯ ಸುದ್ದಿ ಬಂದರೆ ಮಾತು ಬದಲಿಸುತ್ತಿದ್ದಳು. ಅವನಿಗೂ ಅದೇ ಬೇಕಾಗಿತ್ತು.

ತೂಕದ ದಿನ ಜಿತೇಶ್ ಬಂದರು. ಹಿಂದಿನ ಶೆಡ್ಡಿನ ಕೋಳಿಗಳು ಮುಂದಿನವಕ್ಕಿಂತ ತುಸು ಹೆಚ್ಚೇ ತೂಗಿದವು. ಅವರ ಮುಖ ಅರಳಿತು. ಏನು ಮಾಡಿದಿರಿ ಎಂದು ಅವರು ಸುಮ್ಮನೆ ಕೇಳಿದ್ದಕ್ಕೆ ಹಕೀಂ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ, ನಾವೇನೂ ಮಾಡಿಲ್ಲ ಎಂದು ಎರಡೆರಡು ಸಲ ಹೇಳಿದ. ಮಾಜಿದಾ ಚಾ ತರುತ್ತೇನೆಂದು ಒಳಗೆ ಹೋದಳು.

"ಇನ್ನು ಚಿಂತೆ ಇಲ್ಲ ಹಕೀಮರೇ," ಎಂದರು ಜಿತೇಶ್. "ಬರುವ ಬ್ಯಾಚಿನಿಂದ ಎಲ್ಲ ಶೆಡ್ಡಿಗೂ ಇದೇ ಹೊಸ ಫೀಡ್ ಕೊಡ್ತೇವೆ. ಕನ್ಯಾನದ ನಿಮ್ಮ ತಂಗಿಯದ್ದಕ್ಕೂ."

ಹಕೀಮನ ತಂಗಿ ರುಕಿಯಾ ಗಂಡನನ್ನು ಕಳೆದುಕೊಂಡವಳು. ಮೈಮೇಲಿನ ಚಿನ್ನ ಮಾರಿ ಶೆಡ್ ಕಟ್ಟಿಸಿದ್ದಳು. ಮೊದಲ ಬ್ಯಾಚಿಗೇ ಈ ಹಿಂಡಿ ತಿಂದು ಅವಳ ಕೋಳಿಗಳು ಸೊರಗಿದರೆ? ತನ್ನ ಹೊಟ್ಟೆಪಾಡಿಗಾಗಿ ಒಡಹುಟ್ಟಿದವಳ ಬಾಯಿಗೆ ಮಣ್ಣು ಹಾಕಿದಂತಾಯಿತು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಲಾರಿ ಕೋಳಿಗಳನ್ನು ತುಂಬಿಕೊಂಡು ಹೋದ ಮೇಲೆ ಮಾಜಿದಾ ಖಾಲಿ ಶೆಡ್ಡಿನಲ್ಲಿ ನೀರಿನ ಬಟ್ಟಲುಗಳನ್ನು ತೊಳೆಯುತ್ತಿದ್ದಳು. ಹಕೀಂ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು, ಚೀಲ ಬದಲಿಸಿ ಡ್ರಮ್ ತುಂಬಿಸಿದ್ದನ್ನೆಲ್ಲ ಹೇಳಿಬಿಟ್ಟ. ಡಾಕ್ಟರಿಗೆ ಈಗಲೇ ಫೋನ್ ಮಾಡಿ ಒಪ್ಪಿಕೊಳ್ಳುತ್ತೇನೆ, ನಮಗೆ ಮರಿ ಬಾರದಿದ್ದರೆ ಬೇಡ, ರುಕಿಯಾ ಹಾಳಾಗಬಾರದು ಎಂದ. ಮಾಜಿದಾ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು.

"ಫೋನ್ ಮಾಡ್ಬೇಡಿ," ಎಂದಳು. "ಹೊಸ ಫೀಡಿನಲ್ಲಿ ಕೋಳಿ ಬೆಳೀಲಿಕ್ಕಿಲ್ಲ ಅಂತ ನನಗೂ ಹೆದರಿಕೆ ಇತ್ತು. ನಿಮಗೆ ಹೇಳುವ ಧೈರ್ಯ ಬರಲಿಲ್ಲ. ಮೊದಲ ದಿನದಿಂದಲೂ ಮುಂದಿನ ಡ್ರಮ್ಮಿನದ್ದನ್ನು ನಾನು ಹಿಂದಿನ ಶೆಡ್ಡಿಗೆ, ಹಿಂದಿನದ್ದನ್ನು ಮುಂದಿನದಕ್ಕೆ ಹಾಕಿದ್ದು."

ಎರಡು ಸಲ ಅದಲುಬದಲಾಗಿ, ಅಷ್ಟು ತೂಗಿದ ಕೋಳಿಗಳು ಕೊನೆಯವರೆಗೂ ತಿಂದದ್ದು ಹೊಸ ಫೀಡನ್ನೇ.