ಆದಿಲ್ ಹಾಕಿದ ತಪ್ಪು ಲೆಕ್ಕ

ಆದಿಲ್ ಬೇಕೆಂದೇ ಸುಳ್ಳು ಲೆಕ್ಕ ಬರೆದಿದ್ದ. ಪವಿತ್ರಳಿಗೆ ಅದರಲ್ಲಿ ಅನುಮಾನವೇ ಉಳಿಯಲಿಲ್ಲ. ಚಾಮರಾಜನಗರದ ಹೋಟೆಲಿನಲ್ಲಿ, ಬೆಳಗಿನ ಕಾಫಿ ಆರಲು ಬಿಟ್ಟು, ಲ್ಯಾಪ್‌ಟಾಪಿನಲ್ಲಿದ್ದ ಆ ಸಾಲನ್ನು ಮತ್ತೊಮ್ಮೆ ಓದಿದಳು. 'ಬಂಡೀಪುರ ಕಾಡಿನ ಗೇಟು ರಾತ್ರಿ ಮುಚ್ಚುವುದರಿಂದ ಕೇರಳಕ್ಕೆ ಹೋಗುವ ಲಾರಿಗಳು ನಿಂತು ಕಾಲು ಭಾಗ ಹೂವು ಕೊಳೆಯುತ್ತದೆ.'

ಶುದ್ಧ ಬೊಗಳೆ. ಚೆಂಡುಹೂವನ್ನು ಬೆಳಿಗ್ಗೆ ಕೀಳುತ್ತಾರೆ, ಮಧ್ಯಾಹ್ನಕ್ಕೆ ಲಾರಿಗೆ ತುಂಬುತ್ತಾರೆ, ಹೊತ್ತು ಮುಳುಗುವ ಮುಂಚೆ ಅದು ಕಾಡು ದಾಟಿರುತ್ತದೆ. ರಾತ್ರಿ ಗೇಟಿಗೂ ಹೂವಿಗೂ ಸಂಬಂಧವೇ ಇಲ್ಲ. ಉಡಿಗಾಲದಲ್ಲಿ ಹುಟ್ಟಿದ ಪವಿತ್ರಳಿಗೆ ಇದು ಗೊತ್ತು. ಗುಂಡ್ಲುಪೇಟೆಯಲ್ಲೇ ಬೆಳೆದ ಆದಿಲನಿಗೆ ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ?

ಇಬ್ಬರೂ ಮುಂಬಯಿಯ ಒಂದೇ ಇನ್ವೆಸ್ಟ್‌ಮೆಂಟ್ ಬ್ಯಾಂಕಿನಲ್ಲಿ ಅನಲಿಸ್ಟ್‌ಗಳು. ಯಾವ ಕಂಪನಿ ಯಾವುದನ್ನು ಕೊಂಡರೆ ಲಾಭ ಎಂದು ಹೇಳುವ ಬ್ಯಾಂಕು ಅದು. ಅಲ್ಲಿ ಅನಲಿಸ್ಟ್ ಎಂದರೆ ಲೆಕ್ಕ ಹಾಕಿ ಹಾಕಿ ಕಣ್ಣು ಕೆಂಪಗೆ ಮಾಡಿಕೊಳ್ಳುವವನು. ಅಸೋಸಿಯೇಟ್ ಎಂದರೆ ಆ ಲೆಕ್ಕದಲ್ಲಿ ತಪ್ಪು ಹುಡುಕಿ ಬೈಯುವವನು. ಹೊರಗಿನವರಿಗೆ ಇಬ್ಬರೂ ಒಂದೇ. ಒಳಗಿನವರಿಗೆ ಆಳಿಗೂ ಮೇಸ್ತ್ರಿಗೂ ಇರುವಷ್ಟು ಅಂತರ. ಈ ಸಲ ಇವರಿಬ್ಬರಲ್ಲಿ ಒಬ್ಬರಿಗಷ್ಟೇ ಬಡ್ತಿ. ಇನ್ನೊಬ್ಬರು ಬೇರೆ ಕೆಲಸ ನೋಡಿಕೊಳ್ಳಬೇಕು. ನಿದ್ದೆ, ಹಬ್ಬ, ಊರು ಎಲ್ಲ ಬಿಟ್ಟು ದುಡಿದ ಪವಿತ್ರಳಿಗೆ ಆ ಕುರ್ಚಿ ಬೇಕೇ ಬೇಕಿತ್ತು.

ಆದಿಲ್ ಒಳ್ಳೆಯವನೇ. ಹೋದ ಯುಗಾದಿಗೆ ಅವಳಿಗೆ ರಜೆ ಸಿಗದಿದ್ದಾಗ, ಅವ್ವನಿಗೆಂದು ತೆಗೆದ ಸೀರೆಯನ್ನು ಉಡಿಗಾಲಕ್ಕೆ ತಲುಪಿಸಿ, ಮುದ್ದೆ ಉಂಡು ಬಂದವನು ಅವನೇ. ಆದರೆ ಸ್ನೇಹ ಬೇರೆ, ಬಡ್ತಿ ಬೇರೆ.

ಕೇರಳದ ಕಂಪನಿಯೊಂದು ಗುಂಡ್ಲುಪೇಟೆಯಲ್ಲಿ ಚೆಂಡುಹೂವಿನಿಂದ ಬಣ್ಣ ತೆಗೆಯುವ ಫ್ಯಾಕ್ಟರಿಯನ್ನು ಕೊಳ್ಳಲು ಹೊರಟಿತ್ತು. ಕೊಂಡ ಮೇಲೆ ಅದನ್ನು ನಡೆಸಬೇಕೋ, ಮುಚ್ಚಿ ಹೂವನ್ನು ತಮ್ಮ ಕೇರಳದ ಫ್ಯಾಕ್ಟರಿಗೇ ಸಾಗಿಸಬೇಕೋ? ಅದನ್ನು ಹೇಳಬೇಕಾದವರು ಇವರು. ನಡೆಸುವುದೇ ಲಾಭ ಎನ್ನುತ್ತಿತ್ತು ಆದಿಲನ ಲೆಕ್ಕ.

ಅವನು ಯಾಕೆ ಹೀಗೆ ಮಾಡಿದನೆಂಬುದೂ ಅವಳಿಗೆ ಹೊಳೆದಿತ್ತು. ನಿನ್ನೆ ಫ್ಯಾಕ್ಟರಿ ನೋಡಲು ಹೋದಾಗ ಹೂವು ಆರಿಸುವ ಶೆಡ್ಡಿನ ತುಂಬ ಹೆಂಗಸರು. ಎಲ್ಲರಿಗೂ ಒಂದೇ ನೀಲಿ ಕೋಟು, ಧೂಳಿಗೆಂದು ಮುಖಕ್ಕೆ ಸುತ್ತಿದ ಬಟ್ಟೆ. ಪವಿತ್ರ ಮ್ಯಾನೇಜರನ ಜೊತೆ ಬಾಗಿಲಲ್ಲೇ ನಿಂತಳು. ಒಳಗೆ ಹೋದ ಆದಿಲ್ ದೂರದ ಮೂಲೆಯಲ್ಲಿ ಒಬ್ಬಾಕೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಆಕೆ ಕೈ ಮುಗಿದಳು. ಅವನು ಆ ಕೈಗಳನ್ನು ಹಿಡಿದು ಕೆಳಗಿಳಿಸಿ ಏನೋ ಹೇಳಿದ. ಆಕೆ ಗೋಡೆಯ ಕಡೆ ತಿರುಗಿದಳು.

"ಯಾರೋ ಅದು?" ಎಂದು ಕಾರಿನಲ್ಲಿ ಕೇಳಿದಳು.

"ಗೊತ್ತಿರೋರು." ಮಾತು ತಿರುಗಿಸಿದ, "ಇಷ್ಟು ಹತ್ರ ಬಂದಿದ್ದೀಯ. ಸಾಯಂಕಾಲ ಊರಿಗೆ ಹೋಗಿ ಬಾರೇ."

"ಕೆಲಸ ಮುಗೀಲಿ."

ತನ್ನನ್ನು ಸಾಗಹಾಕಿ ಲೆಕ್ಕ ತಿದ್ದುವ ಉಪಾಯ ಎಂದುಕೊಂಡಳು. ಆ ಹೆಂಗಸು ಅವನ ಚಿಕ್ಕಮ್ಮನೋ, ಅತ್ತೆಯೋ ಇರಬೇಕು. ಕೊಳ್ಳಲಿರುವ ಕಡೆ ನಮ್ಮವರು ಯಾರಾದರೂ ಕೆಲಸಕ್ಕಿದ್ದರೆ ಮೊದಲೇ ತಿಳಿಸಬೇಕು. ತಿಳಿಸದೆ ಸಿಕ್ಕಿಬಿದ್ದರೆ ಮನೆಗೆ ಕಳಿಸುತ್ತಾರೆ. ಬ್ಯಾಂಕಿನಲ್ಲಿ ಅದು ಕಟ್ಟುನಿಟ್ಟು.

ಕಾಫಿ ಆರಿತ್ತು. ಅವನನ್ನು ಪಕ್ಕಕ್ಕೆ ಕರೆದು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದ್ದರೆ ಅವನು ತಿದ್ದಿಬಿಡುತ್ತಿದ್ದ. ಅದೇ ಹೋಟೆಲಿನಲ್ಲಿ ಇಳಿದಿದ್ದ ಬಾಸ್ ರಂಗಸ್ವಾಮಿಯವರ ಕೋಣೆಯಲ್ಲಿ ಎಲ್ಲರೂ ಕುಳಿತ ಮೇಲೆಯೇ ಬಾಯಿ ಬಿಟ್ಟಳು. ಗೇಟಿನ ಸಂಗತಿ ಹೇಳಿದಳು, ಲಾರಿಗಳ ಸಂಗತಿ ಹೇಳಿದಳು.

"ಇನ್ನೊಂದು ವಿಷಯ ಸರ್. ಆದಿಲ್ ಮನೆಯವರೊಬ್ಬರು ಅಲ್ಲಿ ಕೆಲಸ ಮಾಡ್ತಾರೆ. ಅದನ್ನ ಮುಚ್ಚಿಟ್ಟಿದ್ದಾನೆ."

ರಂಗಸ್ವಾಮಿ ಕನ್ನಡಕ ತೆಗೆದರು. "ಹೌದೇನ್ರೀ ಆದಿಲ್?"

ಆದಿಲ್ ಪವಿತ್ರಳ ಮುಖವನ್ನೇ ನೋಡಿದ. ತುಂಬ ಹೊತ್ತು ನೋಡಿದ. ಅವಳಿಗೆ ಕಸಿವಿಸಿಯಾಯಿತು, ಆದರೂ ಕಣ್ಣು ತಗ್ಗಿಸಲಿಲ್ಲ.

"ಹೌದು ಸರ್. ನಮ್ಮೋರೇ."

"ಯಾರು? ಹೆಸರೇನು?"

"ಹೆಸರು ಬೇಡ ಸರ್. ತಪ್ಪು ನಂದು. ನಾನು ಹೋಗ್ತೀನಿ."

ಅವನು ಬ್ಯಾಗು ಹಿಡಿದು ಹೊರಟ. ಬಾಗಿಲಲ್ಲಿ ಒಮ್ಮೆ ನಿಂತ. ಏನಾದರೂ ಅಂದುಬಿಡುತ್ತಾನೆಂದು ಪವಿತ್ರ ಹೆದರಿದಳು. ಅವನು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದ.

ತಿದ್ದಿದ ಲೆಕ್ಕ ಮಧ್ಯಾಹ್ನವೇ ಕೇರಳಕ್ಕೆ ಹೋಯಿತು. ಉತ್ತರಕ್ಕೆ ಕಾಯಬೇಕಾಗಲಿಲ್ಲ. ಫ್ಯಾಕ್ಟರಿಯನ್ನು ಕೊಳ್ಳುವುದು, ದೀಪಾವಳಿಯ ಹೊತ್ತಿಗೆ ಮುಚ್ಚುವುದು. ರಂಗಸ್ವಾಮಿ ಎದ್ದು ಕೈ ಕುಲುಕಿದರು. "ಹೀಗಿರಬೇಕು ಕಣ್ರೀ. ಇವತ್ತಿಂದ ನೀವು ಅಸೋಸಿಯೇಟ್."

ಅವಳಿಗೆ ಖುಷಿಯಾಯಿತು. ಆದಿಲನನ್ನು ನೆನೆದು ಬೇಸರವೂ ಆಯಿತು. ಖುಷಿಯೇ ಹೆಚ್ಚಾಗಿತ್ತು ಎಂಬುದನ್ನು ಮುಚ್ಚಿಡುವುದೇಕೆ?

ಮೈಸೂರುಪಾಕು ಕಟ್ಟಿಸಿಕೊಂಡು, ಹೇಳದೆ ಕೇಳದೆ ಉಡಿಗಾಲಕ್ಕೆ ಹೋದಳು. ಮನೆಗೆ ಬೀಗ ಹಾಕಿತ್ತು. ಜಗಲಿಯ ಮೇಲೆ ಕುಳಿತಳು. ಬಿಸಿಲು ಇಳಿಯುವ ಹೊತ್ತಿಗೆ ಟೆಂಪೊ ಒಂದು ಬಂದು ನಿಂತಿತು. ನಾಲ್ಕಾರು ಹೆಂಗಸರು ಇಳಿದರು. ಕೊನೆಯಲ್ಲಿ ಅವ್ವ, ಶಾಂತಮಲ್ಲಮ್ಮ.

ಮಗಳನ್ನು ಕಂಡವಳೇ ಎರಡೂ ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು. ಅಷ್ಟರಲ್ಲಿ ಪವಿತ್ರ ನೋಡಿಬಿಟ್ಟಿದ್ದಳು. ಬೆರಳುಗಳೆಲ್ಲ ಹೂವಿನ ಹಳದಿ.

"ಬೈಬ್ಯಾಡ ಕಣಮ್ಮಿ. 'ಕೂಲಿ ಬುಟ್ಬುಡು, ಇಲ್ದಿದ್ರೆ ನಾ ಮನೆಗೇ ಬರಕ್ಕಿಲ್ಲ' ಅಂತ ನೀ ಅಂದಿದ್ದೆ. ಬುಟ್ಟೆ ಅಂತ ನಾ ಸುಳ್ಳೇಳ್ದೆ. ಜೊತೇವ್ರನ್ನ ಬುಟ್ಟು ಒಬ್ಳೇ ಕೂತ್ರೆ ನಂಗೆ ಅನ್ನ ಸೇರಕ್ಕಿಲ್ಲ ಕಣವ್ವ."

ಪವಿತ್ರ ಆ ಸೆರಗನ್ನೇ ನೋಡುತ್ತ ನಿಂತಳು. ಮಗಳು ಕೋಪ ಮಾಡಿಕೊಂಡಳೆಂದು ಅವ್ವ ಹತ್ತಿರ ಬಂದು ದನಿ ತಗ್ಗಿಸಿದಳು.

"ನೆನ್ನೆ ನಿನ್ ಜೊತೆಗಾರ ಆದಿಲು ಗುರ್ತು ಹಿಡ್ದುಬುಟ್ಟ. ಪವಿತ್ರಂಗೆ ಕಾಣಿಸ್ಕಬ್ಯಾಡಿ, ಅವಳ ಕೆಲ್ಸಕ್ಕೆ ಕುತ್ತು ಬಂದಾತು ಅಂದ. ಫ್ಯಾಕ್ಟ್ರಿ ಮುಚ್ಬುಡ್ತೀರೇನಪ್ಪ ಅಂತ ಕೈ ಮುಗ್ದೆ. 'ನಾನೂ ಪವಿತ್ರಾನೂ ಇರೋವರ್ಗೂ ಮುಚ್ಚಕ್ಕಿಲ್ಲ, ಹೆದರ್ಬ್ಯಾಡಿ ಅವ್ವ' ಅಂತ ಮಾತು ಕೊಟ್ಟವ್ನೆ ಕಣಮ್ಮಿ."