ಕಡಿಯಬೇಕಾದ ಗೆರೆ

ರಾಜ್ಯದ ವಿದ್ಯುತ್ ಜಾಲದ ಮಾದರಿಯನ್ನು ನಿಯಂತ್ರಣ ಕೊಠಡಿಯ ಎಂಜಿನಿಯರ್ ಗುರುಬಸವನೇ ಕಂಪ್ಯೂಟರಿನಲ್ಲಿ ಕಟ್ಟಿದ್ದ. ಅದರಲ್ಲಿ ಪ್ರತಿ ಊರೂ ಒಂದು ಚುಕ್ಕಿ, ಪ್ರತಿ ಗೆರೆಯೂ ಎರಡು ಊರುಗಳ ನಡುವಿನ ಕೊಡುಕೊಳ್ಳುವಿಕೆ. ಒಂದು ಕುಸಿದರೆ ಉಳಿದವನ್ನೂ ಎಳೆದುಕೊಂಡೇ ಬೀಳುತ್ತದೆಂದು ಅವನಿಗೆ ಗೊತ್ತಿತ್ತು.

ಆ ಮಧ್ಯಾಹ್ನ ದೊಡ್ಡ ವಿದ್ಯುತ್ ಸ್ಥಾವರವೊಂದು ನಿಂತುಹೋಯಿತು. ಜಾಲ ಉಳಿಯಬೇಕಾದರೆ ಎರಡು ಗೆರೆಗಳಲ್ಲಿ ಒಂದನ್ನು ಕಡಿಯಲೇಬೇಕೆಂದು ಮಾದರಿ ತೋರಿಸಿತು. ಒಂದು ಆರು ಪಟ್ಟಣಗಳಿಗೆ ಹೋಗುವುದು, ಇನ್ನೊಂದು ಅವನ ಊರಿಗೆ. ಅಲ್ಲಿ ಅವನ ಅವ್ವ ಕರೆಂಟಿನಿಂದ ನಡೆಯುವ ಆಕ್ಸಿಜನ್ ಯಂತ್ರದ ಬಲದಿಂದ ಉಸಿರಾಡುತ್ತಿದ್ದಳು.

ಮನೆಗೆ ಫೋನ್ ಮಾಡಿದ. ಅವ್ವನ ಮಂಚದ ಪಕ್ಕದಲ್ಲಿದ್ದ ತಂಗಿ ಎತ್ತಿಕೊಂಡು ಸ್ಪೀಕರ್ ಹಾಕಿದಳು.

“ನೀಲಾ, ಕರೆಂಟ್ ಹೋದ್ರ ಅವ್ವಗ ಸಿಲಿಂಡರ್ ಐತೇನ? ಇಲ್ಲಂದ್ರ ನಮ್ಮೂರಿಂದು ಬಿಟ್ಟು ಆರು ಪಟ್ಟಣದ ಲೈನ್ ತೆಗೀತೀನಿ.”

ಆ ಕಡೆ ಮಂಚ ಕಿರುಗುಟ್ಟಿದ ಸದ್ದು ಕೇಳಿಸಿತು.

“ತುಂಬಿದ್ದು ಐತಣ್ಣ. ನಮ್ಮೂರಿಂದೇ ತೆಗಿ.”

ಅವನು ತೆಗೆದ. ಜಾಲ ಉಳಿಯಿತು. ಸುತ್ತಲಿದ್ದವರು ಅವನ ಬೆನ್ನು ತಟ್ಟಿದರು. ಊರಿಗೆ ಕರೆಂಟ್ ಮರಳಿದ ಕೂಡಲೇ ಮತ್ತೆ ಫೋನ್ ಮಾಡಿದ.

“ಅವ್ವ ಹೆಂಗದಾಳ?”

ನೀಲಾ ಬಿಕ್ಕಿದಳು. “ಸಿಲಿಂಡರ್ ಇರಲಿಲ್ಲಣ್ಣ. ಐತಿ ಅನ್ನು ಅಂತ ಅವ್ವನೇ ಕಿವ್ಯಾಗ ಹೇಳಿದ್ಲು.”